ಟ್ರಂಪೆಟ್ ಮತ್ತು ಇತರ ವಾದ್ಯಗಳ ಮನೆಪಾಠ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ವಾದ್ಯದ ಪಾಠಕ್ಕೆ ಸೇರಿಸುವವರು, ನಡುವಯಸ್ಸಿನಲ್ಲಿ ತಾವೇ ಕಲಿಯಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ವೀಣೆ, ಪಿಟೀಲು, ಕೊಳಲಿನ ವಿಷಯ ಕೇಳಿದರೆ ಹೇಳುವವರು ಊರೂರಲ್ಲಿ ಸಿಗುತ್ತಾರೆ. ಹಿತ್ತಾಳೆ ವಾದ್ಯಗಳಿಗೆ ಅಷ್ಟು ಜನ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಅವುಗಳಿಗೆ ಹೆಚ್ಚು ಜಾಗ.

ಹಿತ್ತಾಳೆ ವಾದ್ಯ ಎಂದರೆ ಯಾವುವು? ಸ್ಯಾಕ್ಸೊಫೋನೂ ಅದೇ ಜಾತಿಯೇ?

ಅಲ್ಲ. ಮೈ ಯಾವ ಲೋಹದ್ದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಊದುವವರ ತುಟಿಯೇ ಅದುರಿ ನಾದ ಹುಟ್ಟಿದರೆ ಅದು ಹಿತ್ತಾಳೆ ವಾದ್ಯ. ಟ್ರಂಪೆಟ್, ಕಾರ್ನೆಟ್, ಟ್ರಾಂಬೋನ್, ಫ್ರೆಂಚ್ ಹಾರ್ನ್, ಯೂಫೋನಿಯಂ, ಟ್ಯೂಬಾ ಈ ಗುಂಪಿನವು. ನಮ್ಮ ಜಾತ್ರೆಯ ಕೊಂಬು ಕಹಳೆಗಳೂ ಇವುಗಳ ದಾಯಾದಿಗಳೇ. ಸ್ಯಾಕ್ಸೊಫೋನಿನಲ್ಲಿ ಅದುರುವುದು ಜೊಂಡಿನ ರೀಡ್. ಹಾಗಾಗಿ ಅದು ಕ್ಲಾರಿನೆಟ್, ನಾಗಸ್ವರಗಳ ಕಡೆ ಸೇರುತ್ತದೆ. ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ.

ಮೇಷ್ಟ್ರನ್ನು ಹುಡುಕುವಾಗ ಈ ವ್ಯತ್ಯಾಸ ನೆನಪಿರಲಿ. ಸ್ಯಾಕ್ಸೊಫೋನ್ ಚೆನ್ನಾಗಿ ನುಡಿಸುವವರು ಟ್ರಂಪೆಟ್ಟಿನ ಬೆರಳು ತೋರಿಸಬಲ್ಲರು, ತುಟಿ ತಿದ್ದುವುದು ಕಷ್ಟ. ಟ್ರಂಪೆಟ್ ನುಡಿಸುವವರು ಯೂಫೋನಿಯಂ ಕಲಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಟ್ರಂಪೆಟ್ಟಿಗೆ ಇರುವುದು ಮೂರೇ ವಾಲ್ವ್. ಅಷ್ಟು ಸ್ವರ ಹೇಗೆ ಬರುತ್ತವೆ?

ಗುಂಡಿಯೇ ಇಲ್ಲದ ಕಹಳೆಯನ್ನು ನೆನೆಸಿಕೊಳ್ಳಿ. ತುಟಿ ಬಿಗಿದಂತೆ, ಗಾಳಿಯ ವೇಗ ಹೆಚ್ಚಿದಂತೆ ಒಂದೇ ಕೊಳವೆಯಿಂದ ಸ, ಪ, ಮೇಲಿನ ಸ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪ ಬರುತ್ತವೆ. ಟ್ರಂಪೆಟ್ಟಿನಲ್ಲಿ ಏನೂ ಒತ್ತದೆ ಊದಿದರೂ ಇವೇ ಸ್ವರಗಳು. ನಡುವಿನ ಖಾಲಿ ಜಾಗ ತುಂಬಲು ವಾಲ್ವ್ ಬೇಕು. ಒತ್ತಿದ ವಾಲ್ವ್ ಗಾಳಿಯನ್ನು ಇನ್ನಷ್ಟು ಕೊಳವೆಯಲ್ಲಿ ಸುತ್ತಿಸಿ ಕಳಿಸುತ್ತದೆ, ಸ್ವರ ಇಳಿಯುತ್ತದೆ. ಹಾರ್ಮೋನಿಯಂನ ಕಪ್ಪು ಬಿಳಿ ಕೀಗಳನ್ನು ಒಟ್ಟಿಗೆ ಎಣಿಸಿದರೆ 1ನೇ ವಾಲ್ವ್ ಎರಡು ಕೀ ಇಳಿಸುತ್ತದೆ, 2ನೇದು ಒಂದು, 3ನೇದು ಮೂರು.

ಹಾಗಾಗಿ ಒಂದೇ ಬೆರಳಿಟ್ಟು ನಾಲ್ಕೈದು ಸ್ವರ ಬರುವುದೇ ಇದರ ಸ್ವಭಾವ. ಯಾವುದು ಬರಬೇಕೆಂದು ತೀರ್ಮಾನಿಸುವುದು ತುಟಿ, ಉಸಿರು, ಅದಕ್ಕೂ ಮೊದಲು ಕಿವಿ. ಬೆರಳಿನ ಪಟ್ಟಿ ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಕಲಿಸಿದಂತಾಗುವುದಿಲ್ಲ. ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ತುಟಿಗೆ ವರ್ಷಗಳು ಬೇಕು.

ಯಾವ ವಯಸ್ಸಿಗೆ ಶುರುಮಾಡಬಹುದು?

ಮೇಲಿನ ಮುಂದಿನ ಹಲ್ಲು ಬಿದ್ದು ಹೊಸವು ಪೂರ್ತಿ ಬಂದಿರಬೇಕು. ಸಾಮಾನ್ಯವಾಗಿ 8ರಿಂದ 9 ವರ್ಷ. ಅದಕ್ಕೆ ಮೊದಲೇ ಹಠ ಮಾಡುವ ಮಗುವಿಗೆ ಹಾಡು, ತಾಳ, ಕೀಬೋರ್ಡ್ ಕಲಿಸಿ, ನಷ್ಟವೇನಿಲ್ಲ. ಚಿಕ್ಕ ಕೈಗೆ ಟ್ರಂಪೆಟ್ಟಿಗಿಂತ ಕಾರ್ನೆಟ್ ಹಗುರ ಅನ್ನಿಸುತ್ತದೆ, ಏಕೆಂದರೆ ಅದರ ಕೊಳವೆ ಹೆಚ್ಚು ಸುತ್ತಿಕೊಂಡಿದ್ದು ಭಾರ ಮೈಗೆ ಹತ್ತಿರವಿರುತ್ತದೆ. ಟ್ರಾಂಬೋನಿನ ಸ್ಲೈಡಿಗೆ (ಒಳಗೆ ಹೊರಗೆ ಜಾರುವ ಕೊಳವೆಗೆ) ಏಳು ಸ್ಥಾನ. ಕೊನೆಯ ಎರಡಕ್ಕೆ ಪುಟ್ಟ ಕೈ ಎಟಕುವುದಿಲ್ಲ, 11 ದಾಟಲಿ. ಆಲ್ಟೊ ಸ್ಯಾಕ್ಸೊಫೋನಿನ ಭಾರವೆಲ್ಲ ಕೊರಳ ಪಟ್ಟಿಯ ಮೇಲೆ ಬೀಳುವುದರಿಂದ 10ರ ನಂತರ ಒಳ್ಳೆಯದು.

ಹಲ್ಲಿಗೆ ಕ್ಲಿಪ್ ಹಾಕಿಸುವ ಯೋಚನೆ ಇದ್ದರೆ ಮೇಷ್ಟ್ರಿಗೆ ಮೊದಲೇ ತಿಳಿಸಿ. ದಂತವೈದ್ಯರು ಕೊಡುವ ಮೇಣವನ್ನು ಕ್ಲಿಪ್ಪಿನ ಮೇಲೆ ಒತ್ತಿಕೊಂಡು ಊದಬಹುದು. ಆದರೆ ಕೆಲವು ವಾರ ನಾದ ಕೆಡುತ್ತದೆ, ಕ್ಲಿಪ್ ತೆಗೆದಾಗ ಮತ್ತೊಮ್ಮೆ ಕೆಡುತ್ತದೆ. ಮಗುವಿಗೆ ಇದು ಮುಂಚೆಯೇ ಗೊತ್ತಿರಬೇಕು, ಇಲ್ಲದಿದ್ದರೆ ತನ್ನದೇ ತಪ್ಪೆಂದು ಕೊರಗುತ್ತದೆ.

ಒಬ್ಬೊಬ್ಬ ಮೇಷ್ಟ್ರು ಒಂದೊಂದು ರೀತಿ ಕಲಿಸುತ್ತಾರೆ. ಯಾವುದು ಸರಿ?

ನಮ್ಮ ಕಡೆ ಮುಖ್ಯವಾಗಿ ಮೂರು ದಾರಿ ಕಾಣುತ್ತವೆ.

ಬ್ಯಾಂಡ್‌ಸೆಟ್ಟಿನ ದಾರಿಯಲ್ಲಿ ಹಾಡು ಕೇಳಿಸಿ, ನುಡಿಸಿ ತೋರಿಸಿ, ಜೊತೆಗೆ ನಿಲ್ಲಿಸಿ ಊದಿಸುತ್ತಾರೆ. ಮದುವೆ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಊದಿದವರ ದಮ್ಮು, ಧೈರ್ಯ, ನೆನಪಿನ ಶಕ್ತಿ ಇಲ್ಲಿ ಸಿಗುತ್ತವೆ. ಬಯಲಿನಲ್ಲಿ ಜೋರಾಗಿ ಊದುವ ಅಭ್ಯಾಸದಿಂದ, ತುಟಿಗಿಟ್ಟು ಊದುವ ಬಟ್ಟಲಿನಂಥ ತುದಿಯಾದ ಮೌತ್‌ಪೀಸನ್ನು ತುಟಿಗೆ ಒತ್ತುವ ಚಾಳಿ ಬೆಳೆಯುವುದು ಇದರ ತೊಂದರೆ. ಮೆಲ್ಲಗೆ ಊದುವುದನ್ನು ಯಾರೂ ಕೇಳದ ಕಾರಣ ಅದು ಬರುವುದೇ ಇಲ್ಲ.

ಎರಡನೆಯದು ಸ್ಟಾಫ್ ನೊಟೇಶನ್ನಿನ, ಅಂದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯ ದಾರಿ. ಚರ್ಚಿನ ವಾದ್ಯಗೋಷ್ಠಿ, ಪೊಲೀಸ್ ಅಥವಾ ಸೇನೆಯ ಬ್ಯಾಂಡಿನಿಂದ ಬಂದವರು ಹೀಗೆ ಕಲಿಸುತ್ತಾರೆ. ಲಯ ಅಚ್ಚುಕಟ್ಟು, ನಾಲ್ಕು ಜನರ ಜೊತೆ ಕೂಡಿ ನುಡಿಸಲು ಬರುತ್ತದೆ. ಹಾಳೆ ತೆಗೆದರೆ ಕೈ ನಿಂತುಹೋಗುವ ಮಕ್ಕಳೂ ಇಲ್ಲೇ ಹೆಚ್ಚು.

ಮೂರನೆಯದು ಹಾಡಿ ಊದಿಸುವ ದಾರಿ. ಸ್ವರವನ್ನು ಮೊದಲು ಬಾಯಲ್ಲಿ ಹಾಡಿಸಿ, ಆಮೇಲೆ ಬರೀ ಮೌತ್‌ಪೀಸಿನಲ್ಲಿ ಗುಂಯ್‌ಗುಟ್ಟಿಸಿ, ಕೊನೆಗೆ ವಾದ್ಯಕ್ಕೆ ತರುತ್ತಾರೆ. ಮೊದಲ ಆರು ತಿಂಗಳಿಗೆ ನಮ್ಮ ಆಯ್ಕೆ ಇದೇ. ಕಾರಣ ಮೇಲೆ ಹೇಳಿದ್ದೇ: ಬೇಕಾದ ಸ್ವರ ತಲೆಯಲ್ಲಿ ಕೇಳಿಸದಿದ್ದರೆ ತುಟಿ ಪಕ್ಕದ ಸ್ವರಕ್ಕೆ ಜಾರುತ್ತದೆ. ಬೆರಳು ಸರಿಯಿದ್ದರೂ ಸ್ವರ ತಪ್ಪು. ನೊಟೇಶನ್ ಎರಡನೇ ತಿಂಗಳಿಂದ ಪಕ್ಕದಲ್ಲೇ ಬರಲಿ. ಬ್ಯಾಂಡಿನವರ ಜೊತೆ ನಿಲ್ಲುವ ಅವಕಾಶ ಒಂದು ವರ್ಷದ ನಂತರ ಸಿಕ್ಕರೆ ಬಿಡಬೇಡಿ.

ಮೊದಲ ತಿಂಗಳಲ್ಲಿ ಪಾಠ ಹೇಗಿರಬೇಕು?

ವಾರಕ್ಕೆ ಎರಡು ಪಾಠ, ಒಂದೊಂದು 30ರಿಂದ 40 ನಿಮಿಷ. ಗಂಟೆಗಟ್ಟಲೆ ಕೂರಿಸಿದರೆ ತುಟಿ ಬಾತುಕೊಳ್ಳುತ್ತದೆ ಅಷ್ಟೆ.

ಮೊದಲ ವಾರ ಬರೀ ಉಸಿರು ಮತ್ತು ತುಟಿ. ಬೆನ್ನು ನೆಟ್ಟಗೆ, ಭುಜ ಎತ್ತದೆ, ಪಕ್ಕೆ ಅಗಲವಾಗುವಂತೆ ನಾಲ್ಕು ಎಣಿಕೆ ಉಸಿರು ತೆಗೆದು, ಹಿಡಿದಿಡದೆ ಎಂಟು ಎಣಿಕೆ ಬಿಡುವುದು. ಆದಿತಾಳ ಬಲ್ಲ ಮಗುವಿಗೆ ಒಂದು ಆವರ್ತ ಎಂದರೆ ಸಾಕು. ಗೋಡೆಗೆ ಅಂಗೈ ಅಗಲದ ತೆಳು ಕಾಗದ ಹಿಡಿದು, ಒಂದು ಗೇಣು ದೂರದಿಂದ ಊದುತ್ತಾ ಕೈ ಬಿಡಿಸಿ. ಕಾಗದ ಆರೇಳು ಎಣಿಕೆ ಬೀಳದೆ ನಿಂತರೆ ಗಾಳಿ ಒಂದೇ ಸಮ ಹೋಗುತ್ತಿದೆ ಎಂದರ್ಥ.

ತುಟಿಗೆ: "ಮ್" ಎಂದು ಬಾಯಿ ಮುಚ್ಚಿ, ಹಲ್ಲುಗಳನ್ನು ಒಳಗೆ ಸ್ವಲ್ಪ ಬಿಡಿಸಿ, ತುಟಿಯ ಎರಡೂ ಮೂಲೆ ಬಿಗಿಹಿಡಿದು ನಡುವನ್ನು ಸಡಿಲ ಬಿಟ್ಟು ಗಾಳಿ ಕಳಿಸಿ. ಜೇನುನೊಣದಂತೆ ಸದ್ದು ಬರುತ್ತದೆ. ಕೆನ್ನೆ ಉಬ್ಬಿದರೆ ಮೂಲೆ ಸಡಿಲವಾಗಿದೆ.

ಎರಡನೇ ವಾರ ಮೌತ್‌ಪೀಸ್. ಅದನ್ನು ಎರಡೇ ಬೆರಳಲ್ಲಿ, ಹಿಡಿಯ ತುದಿಯಲ್ಲಿ ಹಿಡಿಯಬೇಕು, ಆಗ ಒತ್ತಲು ಬಲ ಸಿಗುವುದಿಲ್ಲ. ಆಂಬುಲೆನ್ಸ್ ಸದ್ದಿನ ಹಾಗೆ ಸ್ವರ ಮೇಲೆ ಕೆಳಗೆ ಜಾರಿಸಿ. ಮೂರನೇ ವಾರ ವಾದ್ಯ ಕೈಗೆ. ಏನೂ ಒತ್ತದೆ ಊದಿದಾಗ ಕೆಲವರಿಗೆ ಸ, ಕೆಲವರಿಗೆ ಪ ಮೊದಲು ಬರುತ್ತದೆ. ಬಂದದ್ದೇ ಮೊದಲ ಸ್ವರ ಎಂದು ಅಲ್ಲಿಂದ ಹೊರಡುವ ಮೇಷ್ಟ್ರು ಜಾಣರು. ನಾಲ್ಕನೇ ವಾರದಲ್ಲಿ ನಾಲಿಗೆಯ ಕೆಲಸ, ಅಂದರೆ ನಾಗಸ್ವರ, ಕೊಳಲಿನವರು ಹೇಳುವ ತುತ್ತುಕಾರ. "ತು, ತು, ತು" ಎನ್ನುವಾಗ ನಾಲಿಗೆ ಹಲ್ಲಿನ ಹಿಂಬದಿ ತಾಗಿ ಬರಬೇಕು. ಕನ್ನಡದ ಮಕ್ಕಳಿಗೆ ತ, ಟ ಎರಡರ ಜಾಗವೂ ಗೊತ್ತಿರುವುದರಿಂದ ಇದು ಬೇಗ ಹಿಡಿಯುತ್ತದೆ.

ನಮ್ಮ ಮಗಳು ಸರಳೆವರಸೆ ಕಲಿತಿದ್ದಾಳೆ. ಟ್ರಂಪೆಟ್ಟಿಗೆ ಬಂದರೆ ಗೊಂದಲವಾಗುವುದಿಲ್ಲವೇ?

ಗೊಂದಲವಿಲ್ಲ, ದೊಡ್ಡ ಅನುಕೂಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಊರು, ಆರ್. ಕೆ. ಶ್ರೀಕಂಠನ್ (1920–2014) ಅವರಂಥ ಗಾಯಕರನ್ನು ಕೊಟ್ಟ ಹಾಸನ ಜಿಲ್ಲೆ ಇದು. ಮನೆಯಲ್ಲಿ ಶ್ರುತಿ ಕೇಳಿ ಬೆಳೆದ ಮಗುವಿಗೆ ಅರ್ಧ ಕೆಲಸ ಆಗಿಹೋಗಿದೆ.

ಎರಡು ವಿಷಯ ಮಾತ್ರ ಗಮನಿಸಿ. ಮೊದಲನೆಯದು ಶ್ರುತಿ. ಸಾಮಾನ್ಯ ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ. ಹಾಳೆಯಲ್ಲಿ ಸಿ ಎಂದು ಬರೆದದ್ದನ್ನು ಊದಿದರೆ ಹಾರ್ಮೋನಿಯಂನ ಬಿ ಫ್ಲ್ಯಾಟ್ ಕೇಳುತ್ತದೆ. ಅದನ್ನೇ ಸ ಎಂದಿಟ್ಟುಕೊಂಡರೆ ಶ್ರುತಿಪೆಟ್ಟಿಗೆ ಆರೂವರೆಗೆ ಇರಬೇಕು. ಮನೆಯಲ್ಲಿ ಹಾಡುವ ಐದೂವರೆಗೋ ಆರಕ್ಕೋ ಇಟ್ಟು ಊದಿಸಿ "ಅಪಸ್ವರ" ಎಂದು ಮಗುವನ್ನು ಗದರುವವರಿದ್ದಾರೆ, ಪಾಪ.

ಎರಡನೆಯದು ರಾಗ. ಹಾಡಿಗೆ ಮಾಯಾಮಾಳವಗೌಳದಿಂದ ಶುರುಮಾಡುವುದು ಪುರಂದರದಾಸರ ಕಾಲದಿಂದ ಬಂದ ಕ್ರಮ. ಟ್ರಂಪೆಟ್ಟಿಗೆ ಅದು ಮೊದಲ ರಾಗವಾಗಿ ಹೊಂದುವುದಿಲ್ಲ. ಕೆಳಗಿನ ಶುದ್ಧ ರಿಷಭಕ್ಕೆ ಮೂರೂ ವಾಲ್ವ್ ಒತ್ತಬೇಕು, ಆ ಸ್ವರ ಟ್ರಂಪೆಟ್ಟಿನಲ್ಲಿ ಹುಟ್ಟಿನಿಂದಲೇ ಏರುಶ್ರುತಿ. ಒಂದೊಂದು ವಾಲ್ವಿನ ಕೊಳವೆಯನ್ನು ಅದೊಂದನ್ನೇ ಒತ್ತಿದಾಗ ಸರಿಹೋಗುವ ಅಳತೆಗೆ ಕತ್ತರಿಸಿರುತ್ತಾರೆ. ಮೂರನ್ನೂ ಕೂಡಿಸಿದಾಗ ಒಟ್ಟು ಉದ್ದ ಸಾಲದೆ ಬರುತ್ತದೆ. 3ನೇ ವಾಲ್ವಿನ ಸ್ಲೈಡನ್ನು ಎಡಗೈ ಉಂಗುರಬೆರಳಿನಿಂದ ಎರಡು ಸೆಂಟಿಮೀಟರಿನಷ್ಟು ಹೊರಗೆ ದೂಡಿ ಸರಿಮಾಡಬೇಕು, ಹೊಸ ಮಗುವಿಗೆ ಅದು ಆಗದ ಕೆಲಸ.

ಮೋಹನದಿಂದ ಶುರುಮಾಡಿ: ಸ ಖಾಲಿ, ರಿ 1 ಮತ್ತು 3, ಗ 1 ಮತ್ತು 2, ಪ ಖಾಲಿ, ದ 1 ಮತ್ತು 2, ಮೇಲಿನ ಸ ಖಾಲಿ. ಗ ಮತ್ತು ದ ಎರಡಕ್ಕೂ ಒಂದೇ ಬೆರಳು ಎಂಬುದನ್ನು ನೋಡಿ. ಕಿವಿ ಎಚ್ಚರವಿಲ್ಲದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಮ (1) ಮತ್ತು ನಿ (2) ಸೇರಿಸಿದರೆ ಶಂಕರಾಭರಣ. ರಿಷಭಕ್ಕೂ ಸ್ಲೈಡ್ ಸುಮಾರು ಒಂದು ಸೆಂಟಿಮೀಟರ್ ಹೊರಗೆ ಬೇಕು, ಅದನ್ನು ಮೂರನೇ ತಿಂಗಳಲ್ಲಿ ಕಲಿಸಿದರಾಯಿತು. ಮಾಯಾಮಾಳವಗೌಳ ಎರಡನೇ ವರ್ಷಕ್ಕೆ ಬರಲಿ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ?

ಮೊದಲ ತಿಂಗಳು ಐದೈದು ನಿಮಿಷದಂತೆ ಮೂರು ಸಲ, ನಡುವೆ ವಿರಾಮ. ಆರು ತಿಂಗಳಿಗೆ ದಿನಕ್ಕೆ 30 ನಿಮಿಷ. ಊದಿದಷ್ಟೇ ಹೊತ್ತು ಬಿಡುವು ಎಂಬುದು ಹಿತ್ತಾಳೆ ವಾದ್ಯದ ನಿಯಮ. ಭಾನುವಾರ ಎರಡು ಗಂಟೆ ಊದಿ ವಾರವೆಲ್ಲ ಮುಟ್ಟದಿದ್ದರೆ ಅಭ್ಯಾಸವೇ ಮಾಡದ್ದಕ್ಕಿಂತ ಕೆಡುಕು, ಏಕೆಂದರೆ ದಣಿದ ತುಟಿ ಒತ್ತಿ ಊದುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. 30 ನಿಮಿಷದಲ್ಲಿ ಮೊದಲ 10 ನಿಮಿಷ ಮೆಲ್ಲಗೆ ಉದ್ದನೆಯ ಸ್ವರಗಳು, ಮುಂದಿನ 5 ನಿಮಿಷ ವಾಲ್ವ್ ಮುಟ್ಟದೆ ಸ–ಪ–ಸ ಜಾರಿಸುವುದು, 10 ನಿಮಿಷ ವರಸೆ ಅಥವಾ ಪಾಠ, ಉಳಿದದ್ದು ಮಗುವಿಗೆ ಇಷ್ಟದ ಹಾಡು. ಈ ಕೊನೆಯದನ್ನು ಕತ್ತರಿಸಬೇಡಿ.

ಊದುವ ಮುನ್ನ ಬಾಯಿ ಮುಕ್ಕಳಿಸಬೇಕು. ಕೊಬ್ಬರಿ ಮಿಠಾಯಿ ತಿಂದು ಊದಿದರೆ ಅದರ ಚೂರು ವಾಲ್ವಿನವರೆಗೂ ಹೋಗುತ್ತದೆ.

ತುಟಿ ನೋಯುತ್ತದೆ, ಮೇಲಿನ ಸ್ವರ ಬರುವುದಿಲ್ಲ. ಏನು ಮಾಡಲಿ?

ಎರಡೂ ಒಂದೇ ಕಾಯಿಲೆ: ಒತ್ತಡ. ಮೇಲಿನ ಸ್ವರಕ್ಕೆ ಗಾಳಿಯ ವೇಗ ಬೇಕು. ಅದು ಸಾಲದಾಗ ಕೈ ಮೌತ್‌ಪೀಸನ್ನು ತುಟಿಗೆ ಅದುಮುತ್ತದೆ. ಸ್ವರ ಒಂದು ಕ್ಷಣ ಬರುತ್ತದೆ, ತುಟಿಗೆ ರಕ್ತ ಓಡುವುದು ನಿಲ್ಲುತ್ತದೆ, ಐದು ನಿಮಿಷದಲ್ಲಿ ತುಟಿ ಸತ್ತಂತಾಗುತ್ತದೆ. ಊದಿ ಮುಗಿಸಿದ ಮೇಲೆ ತುಟಿಯ ಮೇಲೆ ತಿಳಿಗೆಂಪು ಉಂಗುರ ಕಾಣುವುದು ಸಹಜ. ಅದು ತುಂಬ ಹೊತ್ತು ಮಾಸದಿದ್ದರೆ, ತುಟಿಯ ಒಳಬದಿಗೆ ಹಲ್ಲಿನ ಗುರುತು ಬಿದ್ದಿದ್ದರೆ ಒತ್ತಡ ಮಿತಿಮೀರಿದೆ.

ಪರೀಕ್ಷೆ ಸುಲಭ. ಟ್ರಂಪೆಟ್ಟನ್ನು ಮುಷ್ಟಿಯಲ್ಲಿ ಹಿಡಿಯದೆ ಎಡ ಅಂಗೈ ಮೇಲೆ ಮಲಗಿಸಿ, ಪಂಚಮ ಊದಲಿ. ಬಂದರೆ ಆ ಸ್ವರಕ್ಕೆ ಒತ್ತಡ ಬೇಕಿರಲಿಲ್ಲ ಎಂದು ಮಗುವಿಗೇ ತಿಳಿಯುತ್ತದೆ. ಒಂದೆರಡು ವಾರ ಮೇಲಿನ ಸ ದಾಟದೆ, ಮೆಲ್ಲಗೆ ಮಾತ್ರ ಊದಿಸಿ. ಬಲಗೈ ಕಿರುಬೆರಳಿನ ಕೊಕ್ಕೆಗೆ ಬೆರಳು ಸಿಕ್ಕಿಸಿ ಎಳೆಯುವುದನ್ನೂ ಬಿಡಿಸಿ, ಒತ್ತಡದ ಅರ್ಧ ಅಲ್ಲಿಂದಲೇ ಬರುತ್ತದೆ. ತುಟಿ ಒಡೆದು ರಕ್ತ ಬಂದರೆ ಮಾಯುವವರೆಗೂ ಊದಬಾರದು.

ಹಳೆಯ ವಾದ್ಯ ಕೊಳ್ಳಬಹುದೇ?

ಕೊಳ್ಳಬಹುದು, ಪರೀಕ್ಷಿಸಿ. ಕಡಿಮೆ ಬೆಲೆಗೆ ಸಿಗುವ ಹೊಸ ವಾದ್ಯಗಳಲ್ಲಿ ಬಹಳಷ್ಟು ಮೀರತ್ ಕಡೆಯಿಂದ ಬರುತ್ತವೆ, ಗುಣಮಟ್ಟ ಒಂದರಿಂದ ಒಂದಕ್ಕೆ ಬೇರೆ. ಹೊಳಪು ನೋಡಿ ಮೋಸಹೋಗಬೇಡಿ. ಒಂದೊಂದೇ ವಾಲ್ವನ್ನು ನಿಧಾನವಾಗಿ ಒತ್ತಿ ಬಿಡಿ: ಕರಕರ ಎನ್ನಬಾರದು, ನಡುವೆ ನಿಲ್ಲಬಾರದು. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಎಳೆದರೆ "ಪಟ್" ಎಂದು ಬಿಚ್ಚಿಕೊಳ್ಳಬೇಕು. ಸದ್ದಿಲ್ಲದೆ ಬಂದರೆ ವಾಲ್ವ್ ಸವೆದು ಗಾಳಿ ಸೋರುತ್ತಿದೆ. ಮೌತ್‌ಪೀಸ್ ಸೇರುವ ಮೊದಲ ಕೊಳವೆಯಲ್ಲಿ ತಗ್ಗು ಇದ್ದರೆ ಬೇಡ, ಬೆಲ್ಲಿನ (ಅಗಲವಾಗಿ ತೆರೆದ ತುದಿಯ) ಅಂಚಿನ ತಗ್ಗು ಪರವಾಗಿಲ್ಲ. ಹಿತ್ತಾಳೆಯಲ್ಲಿ ಗುಲಾಬಿ ಬಣ್ಣದ ಮಚ್ಚೆ, ನಡುವೆ ಕಪ್ಪು ಚುಕ್ಕೆ ಕಂಡರೆ ಒಳಗಿನಿಂದ ತಿಂದುಹೋಗುತ್ತಿದೆ. ಶುರುವಿಗೆ 7ಸಿ ಅಳತೆಯ ಮೌತ್‌ಪೀಸ್ ಸಾಕು.

ಮನೆಯಲ್ಲಿರುವ ಎಣ್ಣೆ ಹಾಕಬಹುದೇ? ಹುಣಸೆಹಣ್ಣಿನಿಂದ ತಿಕ್ಕಬಹುದೇ?

ಎರಡೂ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಆಗುವುದೇ ವಾಲ್ವಿನೊಳಗೂ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ವಾಲ್ವಿಗೆ ಮಂದ. ವಾಲ್ವ್ ಆಯಿಲನ್ನೇ, ಊದುವ ದಿನಗಳಲ್ಲಿ ಮೂರು ನಾಲ್ಕು ಹನಿ ಹಾಕಿ. ಟ್ಯೂನಿಂಗ್ ಸ್ಲೈಡಿಗೆ ಎಣ್ಣೆಯ ಬದಲು ಗ್ರೀಸ್.

ಹುಣಸೆಹುಳಿ ದೇವರ ದೀಪಕ್ಕೆ ಸರಿ. ಟ್ರಂಪೆಟ್ಟಿನ ಮೇಲೆ ತೆಳುವಾದ ಲ್ಯಾಕರ್ ಇರುತ್ತದೆ. ಹುಳಿ, ಬೂದಿ ಹಾಕಿ ತಿಕ್ಕಿದರೆ ಅದು ಕಿತ್ತುಬಂದು ಹಿತ್ತಾಳೆ ಮಚ್ಚೆಯಾಗುತ್ತದೆ, ಪುಡಿ ವಾಲ್ವಿಗಿಳಿದು ಗೀರುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಿಂಗಳಿಗೊಮ್ಮೆ ವಾಲ್ವ್, ಸ್ಲೈಡ್ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ 20 ನಿಮಿಷ ನೆನೆಸಿ, ಉದ್ದ ಬ್ರಷ್ ಎಳೆದು ತೊಳೆಯಿರಿ. ಕುದಿನೀರು ಬೇಡ, ವಾಲ್ವಿನ ಫೆಲ್ಟ್ ನೆನೆಯಬಾರದು. ಜೋಡಿಸುವಾಗ ವಾಲ್ವಿನ ಮೇಲೆ ಕೆತ್ತಿದ 1, 2, 3 ನೋಡಿ. ಅದಲುಬದಲಾದರೆ ಗಾಳಿಯೇ ಹೋಗುವುದಿಲ್ಲ. ತೊಳೆದ ಮೇಲೆ ಕೆಟ್ಟಿತೆಂದು ಬರುವ ವಾದ್ಯಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಮಳೆಗಾಲ, ಚಳಿಗಾಲದಲ್ಲಿ ಏನು ಎಚ್ಚರ?

ಮಲೆನಾಡಿನ ಜೂನ್–ಸೆಪ್ಟೆಂಬರಿನಲ್ಲಿ ಪೆಟ್ಟಿಗೆಯ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಊದಿದ ಮೇಲೆ ನೀರು ತೆಗೆದು, ಒರೆಸಿ, ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಮುಚ್ಚಿ. ಸಿಲಿಕಾ ಜೆಲ್ ಪೊಟ್ಟಣ ಇಡಿ. ಸ್ಯಾಕ್ಸೊಫೋನಿನ ರಂಧ್ರ ಮುಚ್ಚುವ ಪ್ಯಾಡ್ ಅಂಟಿಕೊಂಡರೆ ನಡುವೆ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಿ, ಎಳೆಯಬೇಡಿ. ಎರಡು ಮೂರು ರೀಡ್ ಸರದಿಯಲ್ಲಿ ಬಳಸಿ.

ಚಳಿಯಲ್ಲಿ ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ. ಒಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಅರ್ಧ ಸ್ವರದ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ತಂತಿಯ ವಾದ್ಯಗಳು ಇದಕ್ಕೆ ತಿರುಗಾ: ಲೋಹದ ತಂತಿ ಕುಗ್ಗಿ ಬಿಗಿಯಾಗಿ ಏರುತ್ತವೆ. ಟ್ರಂಪೆಟ್ ಮತ್ತು ಪಿಟೀಲು ಒಟ್ಟಿಗಿದ್ದರೆ ಮೊದಲು ಟ್ರಂಪೆಟ್ಟಿನೊಳಗೆ ಐದು ನಿಮಿಷ ಬಿಸಿ ಉಸಿರು ತುಂಬಿ, ಆಮೇಲೆ ಶ್ರುತಿ ಸೇರಿಸಿ.

ಬೇರೆ ವಾದ್ಯಗಳ ಮೇಷ್ಟ್ರಲ್ಲಿ ಏನು ನೋಡಬೇಕು?

ಸ್ಯಾಕ್ಸೊಫೋನಿಗೆ: ಕರ್ನಾಟಕ ಸಂಗೀತವೋ, ಬ್ಯಾಂಡೋ ಮೊದಲೇ ಕೇಳಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯಕ್ಕೆ ಮನಸೋತ ಕದ್ರಿ ಗೋಪಾಲನಾಥ್ (1949–2019) ಅದರಲ್ಲಿ ಗಮಕ ನುಡಿಸಬಹುದೆಂದು ತೋರಿಸಿಕೊಟ್ಟರು. ಆ ದಾರಿಯಲ್ಲಿ ದವಡೆ, ತುಟಿಯ ಸಡಿಲಿಕೆ ಬೇರೆ, ಬ್ಯಾಂಡಿನ ದಾರಿಯಲ್ಲಿ ಬೇರೆ. ಒಂದೇ ವರ್ಷ ಎರಡನ್ನೂ ಬೆರೆಸಬೇಡಿ. ರೀಡ್ 2 ಅಥವಾ ಎರಡೂವರೆ ನಂಬರಿನಿಂದ ಶುರುವಾಗಲಿ.

ಪಿಟೀಲಿಗೆ ಮಗುವಿನ ತೋಳಿನ ಅಳತೆ ತೆಗೆದು ಕಾಲು, ಅರ್ಧ, ಮುಕ್ಕಾಲು ಗಾತ್ರ ಹೇಳುವವರಿರಬೇಕು. "ಬೆಳೆಯುತ್ತಾನೆ, ದೊಡ್ಡದೇ ಇರಲಿ" ಎನ್ನುವವರಲ್ಲ. ಕೊಳಲಿಗೂ ಹಾಗೆಯೇ, ಬೆರಳು ರಂಧ್ರ ಮುಚ್ಚುವಷ್ಟು ಚಿಕ್ಕ ಕೊಳಲು ಮೊದಲು. ವೀಣೆಯ 24 ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತವೆ, ಮತ್ತೆ ಮೇಳ ಕಟ್ಟಿಸಬೇಕಾಗುತ್ತದೆ.

ಆನ್‌ಲೈನ್ ಪಾಠ ಸಾಕೇ?

ಹಾಸನದಿಂದ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್, ಮೈಸೂರಿಗೆ ಅದರ ಎರಡರಷ್ಟು. ವಾರಕ್ಕೆರಡು ಸಲ ಆಗದ ಮಾತು. ಮೊದಲ ಎರಡು ತಿಂಗಳು ಮಾತ್ರ ಎದುರು ಕೂತೇ ಕಲಿಯಬೇಕು. ತುಟಿಯ ಮೂಲೆ, ಉಸಿರಿನ ಜಾಗ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಆಮೇಲೆ ತಿಂಗಳಿಗೊಂದು ಎದುರುಪಾಠ, ಉಳಿದದ್ದು ಫೋನಿನಲ್ಲಿ. ಉದ್ದ ಸ್ವರ ಊದಿದಾಗ ವಿಡಿಯೊ ಆ್ಯಪ್ ಅದನ್ನು ಗದ್ದಲವೆಂದು ಎಣಿಸಿ ಕತ್ತರಿಸುತ್ತದೆ. ಗದ್ದಲ ತಗ್ಗಿಸುವ ಆಯ್ಕೆಯನ್ನು ನಿಲ್ಲಿಸಿ, ಫೋನನ್ನು ಬೆಲ್ಲಿನ ಎದುರಿಗೆ ಇಡದೆ ಪಕ್ಕಕ್ಕೆ ಎರಡು ಮೀಟರ್ ದೂರ ಇಡಿ.

ಪರೀಕ್ಷೆ ಕಟ್ಟಿಸಬೇಕೇ?

ಮೊದಲ ವರ್ಷ ಬೇಡ. ಆಮೇಲೆ ಮಗುವಿಗೆ ಇಷ್ಟವಿದ್ದರೆ ಲಂಡನ್ನಿನ ಸಂಗೀತ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ, ಎರಡರಲ್ಲೂ 1ರಿಂದ 8ರವರೆಗೆ ಗ್ರೇಡ್. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡಿಗೆ ಕೂರಲು 5ನೇ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಬದಲಾಗಿ ಅವರು ಒಪ್ಪುವ ಬೇರೆ 5ನೇ ಗ್ರೇಡಿನ ಪರೀಕ್ಷೆ ಮುಗಿದಿರಬೇಕು. ವರ್ಷವಿಡೀ ಪರೀಕ್ಷೆಯ ಮೂರೇ ತುಣುಕು ಊದಿಸುವ ಮೇಷ್ಟ್ರಿಂದ ದೂರವಿರಿ.

ವಠಾರದಲ್ಲಿದ್ದೇವೆ. ಅಕ್ಕಪಕ್ಕದವರು?

ಪ್ರಾಕ್ಟೀಸ್ ಮ್ಯೂಟ್ ಬೆಲ್ಲಿಗೆ ಸಿಕ್ಕಿಸಿದರೆ ಸದ್ದು ಕೋಣೆಯಲ್ಲೇ ಉಳಿಯುತ್ತದೆ. ಅದು ಗಾಳಿಗೆ ತಡೆ ಒಡ್ಡುವುದರಿಂದ ಅಭ್ಯಾಸದ ಅರ್ಧಕ್ಕಿಂತ ಹೆಚ್ಚು ಹೊತ್ತು ಬೇಡ. ಬೀರುವಿನ ಬಾಗಿಲು ತೆರೆದು ತೂಗಿರುವ ಬಟ್ಟೆಗಳ ಕಡೆಗೆ ಊದಿದರೂ ಬಹಳ ತಗ್ಗುತ್ತದೆ. ಸಂಜೆ 5ರಿಂದ 6 ಎಂದು ಹೊತ್ತು ಗೊತ್ತುಮಾಡಿ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ.

ಯಾವ ತಿಂಗಳು ಸೇರಿಸುವುದು ಒಳ್ಳೆಯದು?

ಬ್ಯಾಂಡ್‌ಸೆಟ್ಟಿನಲ್ಲಿ ನುಡಿಸುವ ಮೇಷ್ಟ್ರಾದರೆ ಆಷಾಢ. ಮದುವೆಗಳಿಲ್ಲದ ಕಾಲ, ಪಾಠ ತಪ್ಪುವುದಿಲ್ಲ. ವೈಶಾಖದಲ್ಲಿ ಸೇರಿಸಿದರೆ ಮೊದಲ ತಿಂಗಳೇ ಚೂರುಚೂರಾಗುತ್ತದೆ. ಮೇಷ್ಟ್ರು ತಪ್ಪಿಸಿದ ಪಾಠಕ್ಕೆ ಬದಲಿ ಪಾಠ, ನೀವು ತಪ್ಪಿಸಿದ್ದಕ್ಕೆ ಫೀಸು ಕಡಿತವಿಲ್ಲ ಎಂದು ಸೇರುವ ದಿನವೇ ಮಾತಾಡಿಕೊಳ್ಳಿ.

ಮೌತ್‌ಪೀಸ್ ಸಿಕ್ಕಿಕೊಂಡಿದೆ, ಎಷ್ಟು ಎಳೆದರೂ ಬರುತ್ತಿಲ್ಲ!

ಇಕ್ಕಳ ಹಾಕಬೇಡಿ. ಇಬ್ಬರು ಹಿಡಿದು ತಿರುಚಲೂ ಬೇಡಿ, ಮೊದಲ ಕೊಳವೆ ತಿರುಚಿಕೊಂಡು ಬೆಸುಗೆ ಬಿಡುತ್ತದೆ. ಸೇರುವ ಜಾಗಕ್ಕೆ ಒಂದೆರಡು ಹನಿ ವಾಲ್ವ್ ಆಯಿಲ್ ಬಿಟ್ಟು ರಾತ್ರಿಯಿಡೀ ಇಡಿ. ಬೆಳಗ್ಗೆ ಕೊಳವೆಯ ಹೊರಭಾಗಕ್ಕೆ ಮಾತ್ರ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಅರ್ಧ ನಿಮಿಷ ಬಿಟ್ಟು, ಮೌತ್‌ಪೀಸನ್ನು ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ಬಾರದಿದ್ದರೆ ಮೌತ್‌ಪೀಸ್ ಪುಲ್ಲರ್ ಇರುವ ಮೇಷ್ಟ್ರ ಬಳಿಗೋ ರಿಪೇರಿಯವರ ಬಳಿಗೋ ಹಾಗೆಯೇ ತೆಗೆದುಕೊಂಡು ಹೋಗಿ, ಅವರಿಗೆ ಎರಡು ನಿಮಿಷದ ಕೆಲಸ. ಮುಂದಿನ ಸಲ ಜೋಡಿಸುವಾಗ ಅಂಗೈಯಿಂದ ತಟ್ಟಬೇಡಿ, ಒಳಗಿಟ್ಟು ಸ್ವಲ್ಪವೇ ತಿರುಗಿಸಿದರೆ ನಿಲ್ಲುತ್ತದೆ.